ವಿಭೂತಿ ಡಬ್ಬಿಯ ಕಾರ್ಡು

ನಮ್ಮ ಮನೆಯಲ್ಲಿ ದೇವರ ಕೋಣೆಗೂ ಟ್ರ್ಯಾಕ್ಟರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಶಿರಗುಪ್ಪಿಯ ಹಳೆಯ ಮನೆಗಳೆಲ್ಲ ಹಾಗೆಯೇ, ದನ ಮತ್ತು ಜನ ಒಂದೇ ಸೂರಿನಡಿ. ಹನುಮಪ್ಪನ ಗುಡಿಯ ಕಟ್ಟೆಗೆ ಎದುರಾಗಿ ನಮ್ಮ ತಲೆಬಾಗಿಲು. ಅದನ್ನು ದಾಟಿ ಒಳಗೆ ಬಂದರೆ ಎಡಕ್ಕೆ ತಗ್ಗಿನಲ್ಲಿ ಎತ್ತು ಕಟ್ಟುವ ಜಾಗ, ಎದುರಿಗೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಎತ್ತಿನ ಜಾಗದ ಗೋಡೆಗೆ ಹತ್ತಿದ ಮೂಲೆಯಲ್ಲಿ ದೇವರ ಕೋಣೆ. ಅಪ್ಪ ಎತ್ತುಗಳನ್ನು ಮಾರಿ ಅವುಗಳ ಜಾಗಕ್ಕೇ ಟ್ರ್ಯಾಕ್ಟರನ್ನು ತಂದು ನಿಲ್ಲಿಸಿದ. ಮೇವು ಹಾಕುತ್ತಿದ್ದ ಗೋದಲಿಯಲ್ಲಿ ಬೋಲ್ಟು ಬಿಚ್ಚುವ ಪಾನಾಗಳು ಬಂದು ಕೂತವು. ಬೂದು ಬಣ್ಣದ ಆ ಟ್ರ್ಯಾಕ್ಟರು ಅಪ್ಪನ ಕೈಗೆ ಬರುವ ಹೊತ್ತಿಗೇ ಮುದುಕನಾಗಿತ್ತು. ಪೆಟ್ರೋಲ್ ಕುಡಿಸಿ ಎಬ್ಬಿಸಬೇಕು, ಮೈ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸಬೇಕು. ನಾವು ಪಡಸಾಲೆಯಲ್ಲಿ ಸಾಲಾಗಿ ಕೂತು ರೊಟ್ಟಿ ತಿನ್ನುವಾಗ ಎದುರಿಗೆ ಅದರ ಮೂತಿ ಇರುತ್ತಿತ್ತು. ಅವ್ವನಿಗೆ ಅದು ಸೇರುತ್ತಿರಲಿಲ್ಲ.

"ಇದಕ್ಕೂ ಒಂದು ತಾಟು ಹಾಕ್ಲೇನು? ಹೆಂಗ ಪಿಳಿಪಿಳಿ ನೋಡತೈತಿ ನೋಡ್ರಿ."

ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಟ್ರ್ಯಾಕ್ಟರು ಒಮ್ಮೆ ಚಾಲೂ ಆಯಿತೆಂದರೆ ಆ ದಿನದ ಕೆಲಸ ಮುಗಿಯುವವರೆಗೆ ಯಾರೂ ಬಂದ್ ಮಾಡುವಂತಿಲ್ಲ. ಬಂದ್ ಮಾಡಿದರೆ ಮತ್ತೆ ಏಳುತ್ತದೆಂಬ ಭರವಸೆ ಇರಲಿಲ್ಲ. ಹೀಗಾಗಿ ಅಪ್ಪ ಬೆಳಿಗ್ಗೆ ಅದನ್ನು ಎಬ್ಬಿಸಿ, ಹಾಗೆಯೇ ಗುಡುಗಲು ಬಿಟ್ಟು, ಪಡಸಾಲೆಗೆ ಬಂದು ಊಟಕ್ಕೆ ಕೂರುತ್ತಿದ್ದ. ಉಪ್ಪು ಬೇಕೆಂದರೂ ಕೂಗಬೇಕು, ಸಾಕೆಂದರೂ ಕೂಗಬೇಕು. ನಮ್ಮ ಮನೆಯವರ ಗಂಟಲು ಇವತ್ತಿಗೂ ಊರಿಗೆ ಕೇಳುವಂಥದ್ದು, ಅದಕ್ಕೆ ಆ ಎಂಜಿನ್ನೇ ಕಾರಣ. ಅಪ್ಪನಿಗೆ ಅದರಿಂದ ಇನ್ನೊಂದು ಅನುಕೂಲವೂ ಇತ್ತು. ತಪ್ಪು ಒಪ್ಪಿಕೊಳ್ಳುವ ಮಾತೇನಾದರೂ ಇದ್ದರೆ ಅದನ್ನು ಎಂಜಿನ್ ಗುಡುಗುವಾಗಲೇ ಆಡಿ ಮುಗಿಸುತ್ತಿದ್ದ. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವ್ವ "ಏನಂದ್ರಿ?" ಎಂದು ಕೂಗಿದರೆ "ಏನಿಲ್ಲ!" ಎಂಬುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಹೇಳಿಯೂ ಆಯಿತು, ಹೇಳಿದಂತೆಯೂ ಆಗಲಿಲ್ಲ.

ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿದ ಕೂಡಲೇ ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಅಪ್ಪ ಟ್ರ್ಯಾಕ್ಟರಿನ ಬಳಿಗೆ ಇಳಿಯುತ್ತಿದ್ದ. ಎಂಜಿನ್ನಿನ ಪಕ್ಕದಲ್ಲಿ ಒಂದು ಕಪ್ಪು ಮುಚ್ಚಳ. ಅದನ್ನು ತೆಗೆದರೆ ಒಳಗೆ ಜೋಳದ ಕಾಳಿಗಿಂತ ಚಿಕ್ಕವಾದ ಎರಡು ಲೋಹದ ಗುಂಡಿಗಳು ಎದುರುಬದುರಾಗಿ ಇರುತ್ತವೆ. ಎಂಜಿನ್ ತಿರುಗಿದಂತೆ ಅವು ಒಂದನ್ನೊಂದು ಮುಟ್ಟುತ್ತವೆ, ಬಿಡುತ್ತವೆ. ಬಿಟ್ಟ ಗಳಿಗೆಯಲ್ಲಿ ಎಂಜಿನ್ನಿನ ಒಳಗೆ ಕಿಡಿ ಹಾರುತ್ತದೆ. ಇವಕ್ಕೆ ಪಾಯಿಂಟು ಎನ್ನುತ್ತಾರೆ. ಮುಂದೆ ಮೂವತ್ತು ವರ್ಷ ಧಾರವಾಡದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ವಿಜ್ಞಾನದ ಟೀಚರಾಗಿ ಕರಿಹಲಗೆಯ ಮೇಲೆ ನಾನು ಇದನ್ನೇ ಬರೆದು ತೋರಿಸಿದೆ. ಆ ಪಾಠಕ್ಕೆ ನನಗೆ ಪುಸ್ತಕ ಬೇಕಾಗುತ್ತಿರಲಿಲ್ಲ. ಗುಂಡಿಗಳ ನಡುವಿನ ಸಂದು ಹೆಚ್ಚಾದರೂ ಕಿಡಿ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಅಳೆಯಲು ಉಕ್ಕಿನ ಪಟ್ಟಿಗಳು ಸಿಗುತ್ತವೆ. ನಮ್ಮಲ್ಲಿದ್ದದ್ದು ಅಪ್ಪ ಅವ್ವನ ಲಗ್ನಪತ್ರಿಕೆಯ ಒಂದು ತುಂಡು.

ಅದನ್ನು ಕತ್ತರಿಸಿ ಕೊಟ್ಟವರು ಮಾಬೂಸಾಬ ಮಿಸ್ತ್ರಿ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅವರ ಗ್ಯಾರೇಜು. ಆಗಿನ್ನೂ ಇಪ್ಪತ್ತೈದರ ಹುಡುಗ, ಆದರೆ ಸುತ್ತಲಿನ ಊರುಗಳ ಟ್ರ್ಯಾಕ್ಟರು, ಪಂಪು, ಎಂಜಿನ್ನುಗಳೆಲ್ಲ ಅವರ ಕೈಗೇ ಬರುತ್ತಿದ್ದವು. ಹಳೆಯ ಲಗ್ನಪತ್ರಿಕೆಯನ್ನು ತಮ್ಮ ಉಕ್ಕಿನ ಪಟ್ಟಿಯ ಪಕ್ಕದಲ್ಲಿ ಹಿಡಿದು, ಬೆರಳಲ್ಲಿ ತಿಕ್ಕಿ ನೋಡಿ, ನಕ್ಕು ಹೇಳಿದ್ದರು.

"ದಪ್ಪ ಬರೋಬ್ಬರಿ ಐತ್ರಿ ಈರಣ್ಣಾರ. ದಿನಾ ಇದನ್ನ ಸಂದಿನಾಗ ಹಾಕಿ ನೋಡ್ರಿ. ಸರಳ ಹೋಗಬೇಕು, ಸಡ್ಲ ಹೋಗಬಾರದು."

ಅವರು ಬಂದಾಗಲೆಲ್ಲ ಅವ್ವ ಚಹಾ ಕೊಡುತ್ತಿದ್ದಳು. ಅವರ ಗಾಜಿನ ಲೋಟ ಬೇರೆ. ಅದು ತಲೆಬಾಗಿಲ ಪಕ್ಕದ ಗೋಡೆಯ ಮಾಡದಲ್ಲಿ ಬೋರಲು ಬಿದ್ದಿರುತ್ತಿತ್ತು. ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತು ಕುಡಿದು, ತಾವೇ ತೊಳೆದು, ತಾವೇ ಅಲ್ಲಿ ಇಡುತ್ತಿದ್ದರು. ಪಡಸಾಲೆ ಹತ್ತಬೇಡಿ ಎಂದು ಯಾರೂ ಹೇಳಿರಲಿಲ್ಲ, ಹತ್ತಿ ಎಂದೂ ಯಾರೂ ಹೇಳಿರಲಿಲ್ಲ. ನನಗೆ ಆಗ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಸುಳ್ಳೇಕೆ ಹೇಳಲಿ, ಬಹಳ ವರ್ಷ ಕಂಡಿರಲಿಲ್ಲ.

ಆ ಕಾರ್ಡು ಅಪ್ಪನ ಅಂಗಿಯ ಕಿಸೆಯಲ್ಲಿ ಎರಡು ಸಲ ಅವ್ವನ ಒಗೆತಕ್ಕೆ ಸಿಕ್ಕು ಮುದ್ದೆಯಾಯಿತು. ಉಳಿದ ಪತ್ರಿಕೆಯಿಂದ ಮೂರನೆಯ ತುಂಡು ಕತ್ತರಿಸಿದಾಗ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟ. ನನಗೆ ಹತ್ತು ವರ್ಷ.

"ನೀಲಾ, ಇದು ಇನ್ನ ನಿನ್ನ ಜಿಮ್ಮಾ. ಯಾರೂ ಮುಟ್ಟಲಾರದ ಜಾಗಾದಾಗ ಇಡು. ದಿನಾ ಮುಂಜಾನೆ ನನ್ನ ಕೈಯಾಗ ಕೊಡು."

ನಾನು ಉಬ್ಬಿಹೋದೆ. ಯಾರೂ ಮುಟ್ಟದ ಜಾಗ ಯಾವುದು? ಅಡುಗೆಮನೆಯ ಡಬ್ಬಿಗಳನ್ನು ಎಲ್ಲರೂ ಮುಟ್ಟುತ್ತಾರೆ. ಪೆಟ್ಟಿಗೆಯನ್ನು ತಮ್ಮ ಎಳೆಯುತ್ತಾನೆ. ಮನೆಯಲ್ಲಿ ಸ್ನಾನ ಮಾಡದೆ ಯಾರೂ ಕೈ ಹಾಕದ ಒಂದೇ ಒಂದು ವಸ್ತುವಿತ್ತು, ದೇವರ ಕೋಣೆಯ ವಿಭೂತಿ ಡಬ್ಬಿ. ಅದರಲ್ಲಿ ವಿಭೂತಿ ಗಟ್ಟಿಗಳ ನಡುವೆ ಕಾರ್ಡನ್ನು ಸಿಕ್ಕಿಸಿ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಪೂಜೆ ಮುಗಿದ ಕೂಡಲೇ ಅಪ್ಪನ ಚಾಚಿದ ಕೈಗೆ ಕೊಡುವುದು, ಅಪ್ಪ ಅದನ್ನು ಸಂದಿನಲ್ಲಿ ಹಾಕಿ ಎಳೆಯುವುದು, ಮರಳಿ ನಾನು ಡಬ್ಬಿಗೆ ಸೇರಿಸುವುದು. ದೇವರ ಕೆಲಸದಷ್ಟೇ ನಿಷ್ಠೆಯಿಂದ ಮಾಡಿದೆ.

ಅದೇ ವಾರ ಮುಂಗಾರಿ ಹೆಸರುಕಾಳಿನ ಬಿತ್ತಿಗೆ ಶುರುವಾಯಿತು. ನಮ್ಮ ಎರೆಮಣ್ಣು ಬಿತ್ತಿಗೆಗೆ ಹದವಾಗಿ ಇರುವುದು ನಾಲ್ಕೇ ದಿನ. ಹದ ಆರಿದರೆ ಹೋಯಿತು. ಅದಕ್ಕೆ ಸರಿಯಾಗಿ ಟ್ರ್ಯಾಕ್ಟರು ಹೊಲದ ನಡುವೆ ಕೆಮ್ಮಿ ಕೆಮ್ಮಿ ನಿಲ್ಲತೊಡಗಿತು. ಅಪ್ಪ ಹುಬ್ಬಳ್ಳಿಗೆ ಓಡಿ ಮಿಸ್ತ್ರಿಯನ್ನು ಕರೆತಂದ. ಅವರು ಹೊಸ ಪಾಯಿಂಟು ಹಾಕಿ, ತಮ್ಮ ಉಕ್ಕಿನ ಪಟ್ಟಿಯಿಂದ ಸಂದು ಕೂರಿಸಿ ಹೋದರು. ಆ ದಿನ ಓಡಿತು. ಮರುದಿನ ಬೆಳಿಗ್ಗೆ ಅಪ್ಪ ಪದ್ಧತಿಯಂತೆ ಕಾರ್ಡು ಹಾಕಿ ನೋಡಿದ, ಹೊಲದಲ್ಲಿ ಮತ್ತೆ ನಿಂತಿತು. ಮತ್ತೆ ಮಿಸ್ತ್ರಿ ಬಂದರು, ಓಡಿ ಕಪ್ಪಗಾಗಿದ್ದ ಪಾಯಿಂಟನ್ನು ತಿಕ್ಕಿದರು, ಓಡಿತು. ಮರುದಿನ ಮತ್ತೆ ನಿಂತಿತು, ಪಕ್ಕದವರ ಎತ್ತು ಕಟ್ಟಿ ಮನೆಗೆ ಎಳೆದು ತಂದರು. ಪಡಸಾಲೆಯಲ್ಲಿ ಊಟ ಮೌನವಾಗಿ ನಡೆಯಿತು. ಎಂಜಿನ್ ಇಲ್ಲದ ಮನೆಯಲ್ಲಿ ರೊಟ್ಟಿ ಮುರಿಯುವ ಸದ್ದಿಗೂ ನಾವು ಬೆಚ್ಚುತ್ತಿದ್ದೆವು. ಮೂರನೆಯ ಸಲ ಮಿಸ್ತ್ರಿ ಬಂದು, ಮುಚ್ಚಳ ತೆಗೆಯುವ ಮೊದಲು ಚಹಾ ಕುಡಿಯುತ್ತಿದ್ದಾಗ ಅಪ್ಪನ ತಾಳ್ಮೆ ಹರಿಯಿತು.

"ಹೊಸಾವು ಅಂತ ಹೇಳಿ ಹಳೇ ಪಾಯಿಂಟ ತಿಕ್ಕಿ ಹಾಕೀಯಲ್ಲೋ?"

"ಹಂಗ ಅನಬ್ಯಾಡ್ರಿ ಈರಣ್ಣಾರ. ಡಬ್ಬಿ ನಿಮ್ಮ ಮುಂದನ ಒಡದೇನಿ."

"ಡಬ್ಬಿ ಹೊಸಾದ ಇರಬಹುದು. ಒಳಗಿನ ಮಾಲು?"

"ಕೆಲಸಾ ಬರೂದಿಲ್ಲ ಅಂತ ಬೈರಿ, ಕೇಳತೇನಿ. ಕಳುವು ಅಂತ ಮಾತ್ರ ಅನಬ್ಯಾಡ್ರಿ."

"ಅಂದ್ನಲ್ಲ. ಏನ ಮಾಡ್ತಿ?"

ಮಾಬೂಸಾಬ ಏನೂ ಮಾಡಲಿಲ್ಲ. ಅರ್ಧ ಉಳಿದಿದ್ದ ಚಹಾವನ್ನು ಗಟಾರಕ್ಕೆ ಚೆಲ್ಲಿದರು. ಲೋಟವನ್ನು ಎಂದಿನಂತೆ ತೊಳೆದರು, ಮಾಡದಲ್ಲಿ ಬೋರಲು ಇಟ್ಟರು, ಚೀಲ ಎತ್ತಿಕೊಂಡು ಹೊರಟುಹೋದರು. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಅವರು ಹೋದ ಮೇಲೆ ಅಪ್ಪ ಸಿಟ್ಟಿನಲ್ಲಿ ಮುಚ್ಚಳ ಕಿತ್ತು ಕಾರ್ಡು ಕೊಡು ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ, ಬೆಳಕಿಂಡಿಯ ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಅಪ್ಪ ಕಾರ್ಡು ಎಳೆದದ್ದೇ ತಡ, ಗುಂಡಿಗಳ ಮೇಲೆ ಹಿಟ್ಟು ಉದುರಿದಂತೆ ಬಿಳಿ ಧೂಳು ಕಂಡಿತು. ಅಪ್ಪನ ಕಣ್ಣು ಸಿಟ್ಟಿನಿಂದ ಕುರುಡಾಗಿತ್ತು, ಅವನಿಗೆ ಕಾಣಲಿಲ್ಲ. ನನಗೆ ಕಂಡಿತು. ಬೂದಿಯ ಮೂಲಕ ವಿದ್ಯುತ್ತು ಹರಿಯುವುದಿಲ್ಲ ಎಂಬ ವಿಜ್ಞಾನ ನನಗೆ ಗೊತ್ತಿರಲಿಲ್ಲ, ಆದರೆ ಆ ಬಿಳುಪು ಯಾವ ಡಬ್ಬಿಯದೆಂದು ಗೊತ್ತಾಯಿತು. ಅಪ್ಪ ಊಟ ಮಾಡಿ ಅಡ್ಡಾದಾಗ ಪೆಟ್ರೋಲಿನ ಅರಿವೆಯಿಂದ ಕಾರ್ಡನ್ನೂ ಗುಂಡಿಗಳನ್ನೂ ಒರೆಸಿದೆ. ಅವ್ವ ಹಿಂದೆ ಬಂದು ನಿಂತಿದ್ದು ತಿಳಿಯಲೇ ಇಲ್ಲ.

"ಏನ ಮಾಡಾಕತ್ತೀ?"

"ವಿಭೂತಿ ಹತ್ತಿತ್ತಬೇ. ನಾನ ಡಬ್ಬ್ಯಾಗ ಇಟ್ಟಿದ್ನಿ."

ಅವ್ವ ನನ್ನ ಕೈಯನ್ನು ನೋಡಿದಳು, ಮಾಡದಲ್ಲಿದ್ದ ಲೋಟವನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು.

"ಸುಮ್ಮನಿರು. ಈಗ ಹೇಳಿದ್ರ ನಿಮ್ಮಪ್ಪ ಊರಾಗ ಮುಖಾ ಹೆಂಗ ತೋರಸ್ತಾನು? ತಾನ ಆರತೈತಿ."

ಮರುದಿನ ಟ್ರ್ಯಾಕ್ಟರು ಒಂದೇ ಏಟಿಗೆ ಎದ್ದಿತು, ಇಡೀ ದಿನ ನಿಲ್ಲಲಿಲ್ಲ. ಬಿತ್ತಿಗೆ ಮುಗಿಯಿತು. ನನ್ನ ಬದುಕಿನಲ್ಲಿ ಯಂತ್ರವೊಂದನ್ನು ನಾನು ಮೊದಲು ರಿಪೇರಿ ಮಾಡಿದ್ದು ಅಂದು. ಆ ರಿಪೇರಿಯೇ ಮಾಬೂಸಾಬರ ಕುತ್ತಿಗೆ ಕೊಯ್ದಿತು. ಅಪ್ಪ ಗುಡಿಯ ಕಟ್ಟೆಯ ಮೇಲೆ ಕೂತು, ಆ ಜೋರು ಗಂಟಲಿನಲ್ಲಿ, ಬಂದವರಿಗೆಲ್ಲ ಹೇಳಿದ.

"ಆ ಕಳ್ಳ ಮಿಸ್ತ್ರಿ ಕೈ ಬಿಟ್ಟ ಕೂಡ್ಲೆ ಹೆಂಗ ಹೊಂಟತು ನೋಡ್ರಿ ನಮ್ಮ ಗಾಡಿ!"

ಸಾಕ್ಷಿ ಕಣ್ಣೆದುರಿಗೇ ಓಡಾಡುತ್ತಿತ್ತು, ಯಾರು ನಂಬುವುದಿಲ್ಲ? ನಮ್ಮೂರಿನ ಎಂಜಿನ್ನುಗಳು ಹಳೇ ಹುಬ್ಬಳ್ಳಿಯ ಆ ಗ್ಯಾರೇಜಿನ ದಾರಿ ಬಿಟ್ಟವು. ಪಕ್ಕದ ಊರಿನವೂ ಬಿಟ್ಟವು. ನಾನು ಕಾರ್ಡನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಇಡತೊಡಗಿದೆ. ಮಾಡದ ಲೋಟವನ್ನು ಅವ್ವ ತೆಗೆಯಲಿಲ್ಲ, ಒಳಗೂ ಒಯ್ಯಲಿಲ್ಲ. ಮನೆ ಸುಣ್ಣ ಬಳಿಯುವಾಗ ಅದನ್ನು ಎತ್ತಿ, ಬಳಿದು, ಮತ್ತೆ ಅಲ್ಲೇ ಇಡುತ್ತಿದ್ದಳು. ತಾನೇ ಆರುತ್ತದೆ ಎಂದಿದ್ದಳಲ್ಲ, ಆರಲಿಲ್ಲ. ಕಾಲೇಜಿಗೆ ಹೋಗುವಾಗ ಬಸ್ಸು ಹಳೇ ಹುಬ್ಬಳ್ಳಿ ದಾಟುವ ಹೊತ್ತಿಗೆ ನಾನು ಆಚೆಯ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಟೀಚರಾದ ಮೇಲೆ ಪ್ರಯೋಗಾಲಯದಲ್ಲಿ ಯಾವ ಹುಡುಗಿಯ ಮೇಲೂ ತಪ್ಪು ಹೊರಿಸಲು ಬಿಡುತ್ತಿರಲಿಲ್ಲ, ಮೂರು ಸಲ ಪರೀಕ್ಷಿಸಿ ಎಂದು ಗಂಟು ಬೀಳುತ್ತಿದ್ದೆ. ಮಕ್ಕಳು ನನಗೆ 'ಇನ್ನೊಮ್ಮೆ ನೋಡು ಟೀಚರ್' ಎಂದು ಹೆಸರಿಟ್ಟಿದ್ದರು. ಎಂಥ ನ್ಯಾಯವಂತೆ ಎಂದು ಮೆಚ್ಚಿದವರೂ ಇದ್ದರು. ಅದು ನ್ಯಾಯವಲ್ಲ, ಅಂಜಿಕೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಈಗ ಅಪ್ಪನಿಗೆ ಎಂಬತ್ತೈದು ದಾಟಿದೆ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಹೊಲದ ಕೆಲಸಕ್ಕೆ ತಮ್ಮನ ಹೊಸ ಡೀಸೆಲ್ ಟ್ರ್ಯಾಕ್ಟರು ಇದೆ, ಆದರೆ ಮುದುಕ ಮಾತ್ರ ತನ್ನ ಜಾಗ ಬಿಟ್ಟಿಲ್ಲ. ಅಪ್ಪ ದಿನವೂ ಅದನ್ನು ಎಬ್ಬಿಸಿ, ಅದರ ಸದ್ದಿನಲ್ಲೇ ಉಣ್ಣುತ್ತಿದ್ದ. ಈ ವರ್ಷ ಅವನ ಕೈ ನಡುಗತೊಡಗಿ, ಸಂದು ಕೂರಿಸಲು ಆಗಲಿಲ್ಲ. ಬೇರೆಯವರನ್ನು ಮುಟ್ಟಗೊಡಲಿಲ್ಲ. ಮೂರು ತಿಂಗಳು ಅದು ಎದ್ದಿರಲಿಲ್ಲ, ಅಪ್ಪನ ಊಟ ಅರ್ಧಕ್ಕೆ ಇಳಿದಿತ್ತು. ನಾನು ಧಾರವಾಡದಿಂದ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಕಿಟ್ಟು ತರಿಸಿಕೊಂಡು ಹೋದೆ. ಪಾಯಿಂಟು ಇದ್ದ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕಪ್ಪು ತುಂಡು ಕೂರುತ್ತದೆ, ಎರಡು ವೈರು ಕೊಟ್ಟರೆ ಮುಗಿಯಿತು. ಮುಟ್ಟುವುದಿಲ್ಲ, ಸವೆಯುವುದಿಲ್ಲ, ದಿನವೂ ಅಳೆಯಬೇಕಾಗಿಲ್ಲ. ಎರಡು ದಿನ ಜಗಳವಾಡಿ ಅಪ್ಪ ಹೂಂ ಎಂದ. ಕೂರಿಸಲು ಹುಬ್ಬಳ್ಳಿಯಲ್ಲಿ ನೂರು ಮೆಕ್ಯಾನಿಕ್ಕುಗಳಿದ್ದರು. ನಾನು ಹೋದದ್ದು ಹಳೇ ಹುಬ್ಬಳ್ಳಿಯ ಆ ಓಣಿಗೆ.

ಮಾಬೂಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಒಂದು ಸ್ಕೂಟರಿನ ಮುಂದೆ ಕೂತಿದ್ದರು. ಶಿರಗುಪ್ಪಿಯ ಈರಣ್ಣನ ಮಗಳು ಎಂದಾಗ ಒರೆಸಿದ್ದ ಕೈಯನ್ನೇ ಬಹಳ ಹೊತ್ತು ಒರೆಸಿಕೊಂಡರು.

"ಆ ಬೂದಿ ಬಣ್ಣದ್ದು ಇನ್ನೂ ಐತೇನು?"

"ಐತ್ರಿ."

"ಬರತೇನಿ. ಅದನ್ನ ಒಮ್ಮೆ ನೋಡೂದೈತಿ ನನಗ."

ಕಾರಿನಲ್ಲಿ ಬರುವಾಗ ಅವರು ಹೊರಗೆ ನೋಡುತ್ತಲೇ ಹೇಳಿದರು: "ಆವತ್ತ ನಾ ಹಾಕಿದ್ದು ಖರೇನ ಹೊಸಾ ಪಾಯಿಂಟವಾ. ಯಾಕ ಹಂಗಾತು ಅನ್ನೂದು ಇವತ್ತಿಗೂ ನನಗ ತಿಳದಿಲ್ಲ. ಐವತ್ತ ವರ್ಷ ಆತು, ಒಂದೊಂದ ಸಲ ನಮಾಜಕ್ಕ ನಿಂತಾಗೂ ಅದ ನೆನಪಾಗತೈತಿ." ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಗೇರು ಬದಲಿಸಿದೆ. ಅರವತ್ತು ದಾಟಿದ ಹೆಂಗಸು ಸ್ಟೇರಿಂಗ್ ಹಿಡಿದುಕೊಂಡು, ಕಿಟಕಿಯ ಆಚೆ ನೋಡುವ ಹುಡುಗಿಯಾಗಿಯೇ ಶಿರಗುಪ್ಪಿ ಮುಟ್ಟಿದೆ.

ಅಪ್ಪ ಪಡಸಾಲೆಯ ಅಂಚಿನಲ್ಲಿ ಕೂತಿದ್ದ. ಬಂದವರು ಯಾರೆಂದು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ನನ್ನನ್ನು ಸುಡುವಂತೆ ನೋಡಿದ. ಮಿಸ್ತ್ರಿ ನಮಸ್ಕಾರವನ್ನಷ್ಟೇ ಮಾಡಿ ಕೆಲಸಕ್ಕೆ ಇಳಿದರು. ಕಿಟ್ಟಿನ ಕಾಗದವನ್ನು ನನ್ನಿಂದ ಓದಿಸಿಕೊಂಡು, ಬ್ಯಾಟರಿಯ ಬಳಿ ಬಗ್ಗಿದರು.

"ಇದಕ್ಕ ಮೈನಸ್ ವೈರು ಗಾಡಿ ಮೈಗೆ ಇರಬೇಕ್ರಿ. ಉಲ್ಟಾ ಇದ್ರ ಗಳಗ್ಯಾಗ ಸುಟ್ಟು ಹೋಕ್ಕೈತಿ."

"ಮೈನಸ್ಸ ಐತಿ. ನನಗ ಗೊತ್ತಿಲ್ಲೇನು? ನನ್ನ ಗಾಡಿ." ಅಪ್ಪ ಗದರಿದ.

ಮಿಸ್ತ್ರಿ ಮೀಟರು ಹಚ್ಚಿದರು. ಮುಳ್ಳು ಹಿಂದಕ್ಕೆ ಹೊಡೆಯಿತು. ಹಳೆಯ ಕಾಲದ ಪದ್ಧತಿಯಂತೆ ಪ್ಲಸ್ ವೈರೇ ಟ್ರ್ಯಾಕ್ಟರಿನ ಮೈಗಿತ್ತು. ಅಪ್ಪನ ಮಾತು ನಂಬಿದ್ದರೆ ನಾನು ತಂದ ತುಂಡು ಆ ಕ್ಷಣವೇ ಬೂದಿಯಾಗುತ್ತಿತ್ತು. ಮಿಸ್ತ್ರಿ ಬ್ಯಾಟರಿ ತಿರುಗಿಸಿದರು, ಡೈನಮೋವನ್ನೂ ಕಾಯಿಲನ್ನೂ ಅದಕ್ಕೆ ಹೊಂದಿಸಿದರು, ಮತ್ತೊಮ್ಮೆ ಮೀಟರು ಹಿಡಿದು ನೋಡಿದರು. ಆಮೇಲೆ ಕಪ್ಪು ಮುಚ್ಚಳ ತೆಗೆದು ಹಳೆಯ ಪಾಯಿಂಟು ಬಿಚ್ಚಿ ಅಪ್ಪನ ಅಂಗೈಯಲ್ಲಿಟ್ಟರು. ಅಪ್ಪ ಅದನ್ನು ಹೊರಳಿಸಿ ನೋಡಿ, ನೆಲ ನೋಡುತ್ತ ಅಂದ.

"ಇವಾದ್ರೂ ಖರೇ ಮಾಲು. ಖೊಟ್ಟಿ ಅಲ್ಲ."

ಮಿಸ್ತ್ರಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ನನ್ನ ಬಾಯಿಂದ ಮಾತು ಬಂದೇಬಿಟ್ಟಿತು.

"ಅಪ್ಪಾ, ಆವತ್ತ ಇವರು ಹಾಕಿದ್ದೂ ಖೊಟ್ಟಿ ಇದ್ದಿಲ್ಲ. ಕಾರ್ಡ ನಾ ವಿಭೂತಿ ಡಬ್ಬ್ಯಾಗ ಇಡತಿದ್ನಿ. ನೀ ದಿನಾ ಅದನ್ನ ಹಾಕಿ ಎಳದಾಗ ವಿಭೂತಿ ಪಾಯಿಂಟಿಗೆ ಹತ್ತತಿತ್ತು. ಮಿಸ್ತ್ರಿ ಹೋದ ಮ್ಯಾಲೆ ನಾನ ಒರಸಿದೆ, ಅದಕ್ಕ ಗಾಡಿ ಹೊಂಟತು."

ಅಪ್ಪ ನನ್ನನ್ನೇ ನೋಡಿದ. ಮಾಬೂಸಾಬ ಕಣ್ಣು ಮುಚ್ಚಿ, ಐವತ್ತು ವರ್ಷದ ಹಿಂದಿನ ಆ ಮುಚ್ಚಳವನ್ನು ಮತ್ತೆ ತೆಗೆದು ನೋಡುತ್ತಿದ್ದಾರೆ ಅನ್ನಿಸಿತು.

"ವಿಭೂತಿ," ಎಂದರು ಮೆಲ್ಲಗೆ. "ಹೌದು. ನಾ ಪಟ್ಟಿ ಹಾಕತಿದ್ನಿ, ಇವರು ಕಾರ್ಡ ಹಾಕತಿದ್ರು."

"ನಾ ಆಗ ಸಣ್ಣಾಕಿ ಇದ್ನಿರಿ," ಎಂದೆ.

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಲು ಕೇಳಿದಂತಿತ್ತು.

"ಹೌದವಾ, ಸಣ್ಣಾಕಿ ಇದ್ದಿ. ಎಷ್ಟ ವರ್ಷ ಸಣ್ಣಾಕಿ ಇದ್ದಿ?"

ನಾನು ಹೊಸ ತುಂಡನ್ನು ಎತ್ತಿ ಅವರ ಕೈಗೆ ಕೊಟ್ಟೆ. ಅವರು ಮತ್ತೆ ಕೆಲಸಕ್ಕೆ ಬಗ್ಗಿದರು. ಕಪ್ಪು ತುಂಡು ಕೂತಿತು, ಎರಡು ವೈರು ಸೇರಿದವು, ಮುಚ್ಚಳ ಬಿತ್ತು. ಅಪ್ಪ ಎದ್ದು ಬಂದ. ಮಿಸ್ತ್ರಿ ಹೆಗಲು ಕೊಟ್ಟರು, ಅಪ್ಪ ಅದನ್ನು ಹಿಡಿದು ಸೀಟಿನ ಮೇಲೆ ಹತ್ತಿ ಕೂತ. ಸ್ಟಾರ್ಟರಿನ ಗುಂಡಿ ಒತ್ತಿದ. ಮುದುಕ ಒಂದೇ ಏಟಿಗೆ ಎದ್ದ, ಕೆಮ್ಮಲೂ ಇಲ್ಲ. ಮನೆಯ ಜಂತಿಗಳೆಲ್ಲ ನಡುಗಿದವು. ಆಗ ಅಪ್ಪ ಮಿಸ್ತ್ರಿಯ ಕಡೆ ಬಗ್ಗಿದ, ಅವನ ತುಟಿ ಅಲ್ಲಾಡಿತು. ನನಗೆ ತಿಳಿಯಿತು. ಜೀವನವೆಲ್ಲ ಅವ್ವನ ಮುಂದೆ ಹೀಗೆಯೇ ಮಾಡಿದವನು ಅವನು. ಮಾಬೂಸಾಬ ಕಿವಿಗೆ ಕೈ ಹಚ್ಚಿದರು. ಅಪ್ಪ ಇನ್ನೂ ಸಣ್ಣಗೆ ಇನ್ನೊಮ್ಮೆ ತುಟಿ ಅಲ್ಲಾಡಿಸಿದ. ಮಿಸ್ತ್ರಿ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದರು.

"ಏ! ಬಂದ್ ಯಾಕ ಮಾಡಿದಿ?" ಅಪ್ಪ ಚೀರಿದ.

"ಮತ್ತ ಚಾಲೂ ಆಗತೈತ್ರಿ. ನೂರ ಸಲ ಬಂದ್ ಮಾಡ್ರಿ, ನೂರ ಸಲ ಆಗತೈತಿ. ಈಗ ಹೇಳ್ರಿ."

ಅಪ್ಪ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿಂದು ತಪ್ಪಿದ್ದಿಲ್ಲ," ಎಂದ.

"ಆವತ್ತ ಗುಡಿ ಕಟ್ಟಿ ಮ್ಯಾಲೆ ಅಂದಿದ್ರಿ ಈರಣ್ಣಾರ. ಅಲ್ಲಿಗೆ ಕೇಳೂವಂಗ ಅನ್ರಿ."

ನಾನು ಹೋಗಿ ತಲೆಬಾಗಿಲಿನ ಎರಡೂ ಕದ ಪೂರ್ತಿ ತೆರೆದೆ. ಹೊಸ್ತಿಲ ಆಚೆ ನಿಂತು, ಎದುರಿನ ಕಟ್ಟೆಯ ಮೇಲಿದ್ದವರಿಗೆ ನನ್ನ ಪಾಲಿನದನ್ನು ಮೊದಲು ನಾನೇ ಹೇಳಿದೆ, ನಮ್ಮ ಮನೆಯ ಗಂಟಲಿನಲ್ಲಿ. ನಾನು ಮುಗಿಸಿದ ಮೇಲೆ ನನ್ನ ಬೆನ್ನ ಹಿಂದಿನಿಂದ ಅಪ್ಪನ ದನಿ ಬಂತು. ಅಷ್ಟು ಜೋರಾಗಿ ಅವನು ಮಾತಾಡಿ ಬಹಳ ದಿನವಾಗಿತ್ತು.

"ಮಾಬೂಸಾಬ ಕಳ್ಳ ಅಲ್ಲ! ನಾ ಸುಳ್ಳ ಹೇಳಿದ್ನಿ!"

ಕಟ್ಟೆಯ ಮೇಲೆ ಕೂತಿದ್ದವರು, ಆವತ್ತಿನ ಮಾತು ಕೇಳಿದ್ದ ಮುದುಕರೇ ಮೊದಲಾಗಿ, ಮಿಸ್ತ್ರಿಯ ಕಡೆ ನೋಡುತ್ತ ಒಬ್ಬೊಬ್ಬರಾಗಿ ಎದ್ದು ನಿಂತರು.